ಮೂರನೇ ಮಹಡಿಯ ಬಾವಿ

ನಮ್ಮ ಅತ್ತೆ ಮುಂಬೈ ಹತ್ತಿರದ ಡೊಂಬಿವ್ಲಿಗೆ, ನಮ್ಮ ಮನೆಗೆ, ಬಂದದ್ದು ಹತ್ತೇ ದಿನಕ್ಕೆ. ಕುಂದಾಪುರದಿಂದ ಮತ್ಸ್ಯಗಂಧ ರೈಲಿನಲ್ಲಿ ಬಂದಿಳಿದಾಗ ಪರ್ಸಿನಲ್ಲಿ ವಾಪಸ್ ಟಿಕೆಟ್ ಇತ್ತು, 2020ರ ಮಾರ್ಚ್ 28ರದ್ದು. ಚೀಲದಲ್ಲಿ ಐದು ಕೆಜಿ ಕುಚ್ಚಲಕ್ಕಿ, ಒಂದು ಡಬ್ಬಿ ತುಪ್ಪ, ಮೊಮ್ಮಗನಿಗೆ ಹಲಸಿನ ಹಪ್ಪಳ. ಆ ಟಿಕೆಟ್ ಏನಾಯ್ತು ಅಂತ ನಾನು ಹೇಳಬೇಕಾಗಿಲ್ಲ. 22ರಂದು ಜನತಾ ಕರ್ಫ್ಯೂ, ಆವತ್ತು ರಾತ್ರಿಯಿಂದ ಲೋಕಲ್ ಟ್ರೇನೂ ಬಂದ್. ಲೋಕಲ್ ಸದ್ದಿಲ್ಲದೆ ನಮ್ಮವರಿಗೆ ಎರಡು ರಾತ್ರಿ ನಿದ್ದೆಯೇ ಹತ್ತಲಿಲ್ಲ.

25ಕ್ಕೆ ಚಾಂದ್ರಮಾನ ಯುಗಾದಿ. ಎದುರು ಬಿಲ್ಡಿಂಗಿನ ಮರಾಠಿಯವರು ಹಬ್ಬದ ಗುಡಿ, ಅಂದರೆ ಬಟ್ಟೆ ಕಟ್ಟಿದ ಕೋಲು, ಏರಿಸುವಷ್ಟರಲ್ಲಿ ಲಾಕ್‌ಡೌನ್ ಶುರುವಾಗಿತ್ತು. 21 ದಿನ ತಾನೇ, ನಮ್ಮ ಸೌರಮಾನ ಯುಗಾದಿಗೆ ಮುಗಿಯುತ್ತದೆ ಅಂದುಕೊಂಡೆವು. ಏಪ್ರಿಲ್ 14ರ ಬೆಳಿಗ್ಗೆ ಎದ್ದು, ದೇವರೆದುರು ಜೋಡಿಸಿಟ್ಟ ಹಬ್ಬದ ಕಣಿ ನೋಡಿ ಟಿವಿ ಹಾಕಿದರೆ, ಮೇ 3ರವರೆಗೆ ಮುಂದುವರಿಕೆ! "ಇದ್ ಹಬ್ಬ ಕಂಡೇ ಬತ್ತಲ್ದಾ?" ಅಂದರು ಅತ್ತೆ.

ನಮ್ಮದು ಒಂದೇ ಬೆಡ್‌ರೂಮಿನ ಮನೆ. ಇಸ್ತ್ರಿ ಟೇಬಲ್ ಯಜಮಾನರ ಆಫೀಸು, ಮಂಚ ಮಗನ ನಾಲ್ಕನೇ ಕ್ಲಾಸು, ಅಡುಗೆಮನೆಯ ಕಟ್ಟೆ ನನ್ನ ಆಫೀಸು. ಅತ್ತೆಗೆ ಉಳಿದದ್ದು ಬಾಲ್ಕನಿ. ಅದರಲ್ಲೂ ಅರ್ಧ ವಾಷಿಂಗ್ ಮಷೀನಿನದು. ಮುಂಬೈ ಅಂದರೆ ಅವರಿಗೆ ಮೊದಲಿನಿಂದಲೂ ಒಂದೇ ತಕರಾರು: "ಬಾವಿ ಇಲ್ದಿದ್ ಊರು."

ಸೊಸೈಟಿಯವರು ಗೇಟಿಗೆ ಬೀಗ ಹಾಕಿಸಿದರು. ತರಕಾರಿ ಗಾಡಿ ಕಾಂಪೌಂಡಿನ ಆಚೆ, ರಸ್ತೆಯಲ್ಲೇ ನಿಲ್ಲಬೇಕು. ಪುಣ್ಯಕ್ಕೆ ನಮ್ಮ ಬಾಲ್ಕನಿ ರಸ್ತೆಯ ಕಡೆಗೇ ಇದೆ. ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಬಿಚ್ಚಿ, ಬಚ್ಚಲಿನ ನೀಲಿ ಬಕೆಟ್ಟಿಗೆ ಕಟ್ಟಿ ನಾನು ಇಳಿಸಿದೆ. ಎರಡನೇ ಮಹಡಿಯವರೆಗೆ ಚೆನ್ನಾಗಿಯೇ ಹೋಯಿತು. ಆಮೇಲೆ ನನ್ನ ಗಂಟು ಬಿಚ್ಚಿಕೊಂಡಿತು. ಬಕೆಟ್ ಸೀದಾ ಭಾಜೀವಾಲಾನ ಟೊಮೆಟೊ ಮೇಲೆ. ಆವತ್ತು ನಾವು ಮೂರು ಕೆಜಿ ಟೊಮೆಟೊ ಕೊಂಡೆವು, ಬೇಕಾಗಿ ಅಲ್ಲ.

"ಹಗ್ಗ ಹಿಡ್ಕಂಬುದ್ ಹೀಂಗಲ್ಲ ಮಾರಾಯ್ತಿ" ಅಂತ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕೊಡಪಾನಕ್ಕೆ ಹಾಕುವ ಕುಣಿಕೆಯನ್ನೇ ಬಕೆಟ್ಟಿಗೆ ಹಾಕಿದರು. ರಾಟೆ ಇಲ್ಲ ಅಂತ ಗ್ರಿಲ್ಲಿನ ಸರಳಿಗೆ ಹಳೇ ಟವೆಲ್ ಸುತ್ತಿ, ಅದರ ಮೇಲಿಂದ ಹಗ್ಗ ಬಿಟ್ಟರು. ಒಂದು ಕೈ ಎಳೆಯುವುದು, ಇನ್ನೊಂದು ಕೈ ಹಿಡಿಯುವುದು. ಎರಡು ಕೆಜಿ ಬಟಾಟೆ, ಒಂದು ಸೋರೆಕಾಯಿ ತೊಟ್ಟೂ ಅಲ್ಲಾಡದೆ ಮೇಲೆ ಬಂತು. "ನಮ್ಮನೆ ಬಾವಿಯಷ್ಟೂ ಆಳ ಇಲ್ಲ" ಅಂದರು, ಸ್ವಲ್ಪ ಬೇಜಾರಿನಲ್ಲೇ. ಅಂದಿನಿಂದ ದಿನಕ್ಕೆ ಎರಡು ಸಲ ನೀರು ಸೇದಿದ ಹಾಗೆ ತರಕಾರಿ ಸೇದುವುದು. ಚಿಲ್ಲರೆಯಾಗಿ ಬಂದ ನೋಟುಗಳನ್ನು ಸೋಪಿನ ನೀರಲ್ಲಿ ಅದ್ದಿ, ಕ್ಲಿಪ್ ಹಾಕಿ ಅದೇ ಹಗ್ಗದ ತುದಿಯಲ್ಲಿ ಒಣಗಿಸುವುದು. ಮಗ ಅದಕ್ಕೆ ಎಟಿಎಂ ಅಂತ ಹೆಸರಿಟ್ಟ.

ನೋಡಿ ಕಲಿತು ಎರಡನೇ ಮಹಡಿಯ ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ) ಕೂಡ ಬಕೆಟ್ ಬಿಡತೊಡಗಿದರು. ಅದೂ ನೀಲಿಯೇ. ಒಂದು ದಿನ ಕಿರಾಣಿ ಹುಡುಗ ಅವರ ಸಾಮಾನನ್ನು ನಮ್ಮ ಬಕೆಟ್ಟಿಗೆ ಹಾಕಿಬಿಟ್ಟ. ಅತ್ತೆ ಎಳೆದು ನೋಡಿದರೆ ಒಂದು ಡಜನ್ ಮೊಟ್ಟೆ! ನಮ್ಮ ಮನೆಯ ಹೊಸಿಲು ಮೊಟ್ಟೆ ದಾಟಿದ್ದಿಲ್ಲ. ಬಾಲ್ಕನಿ ಹೊಸಿಲಿನ ಒಳಗೋ ಹೊರಗೋ ಅಂತ ಅತ್ತೆ ಒಂದು ನಿಮಿಷ ಯೋಚಿಸಿದರು. ಹೊರಗೆ ಅಂತ ತೀರ್ಮಾನ ಮಾಡಿ, ಬಕೆಟ್ ಕಾಕೂ ಗ್ರಿಲ್ಲಿನ ಎದುರಿಗೆ ಇಳಿಸಿ ನಿಲ್ಲಿಸಿದರು. ಒಂದೂ ಒಡೆದಿರಲಿಲ್ಲ. ಕಾಕೂ ಮೇಲೆ ನೋಡಿ ಕೈ ಮುಗಿದರು.

ಒಬ್ಬರ ಮನೆಗೆ ಒಬ್ಬರು ಹೋಗಬಾರದು ಅಂತ ಸೊಸೈಟಿ ನೋಟಿಸಿನಲ್ಲಿತ್ತು. ಹಗ್ಗದ ವಿಷಯ ಅದರಲ್ಲಿ ಏನೂ ಬರೆದಿರಲಿಲ್ಲ. ಹಾಗಾಗಿ ನಮ್ಮ ತಂಬುಳಿ ಕೆಳಗೆ, ಅವರ ಥಾಲಿಪೀಠ ಮೇಲೆ. ಅತ್ತೆಗೆ ಮರಾಠಿ ಬಾರದು, ಕಾಕೂಗೆ ಕನ್ನಡ ಬಾರದು. ಇಬ್ಬರೂ ದಿನಾ ಮುಕ್ಕಾಲು ಗಂಟೆ ಮಾತಾಡುತ್ತಿದ್ದರು.

ಏಪ್ರಿಲ್ 26, ಅಕ್ಷಯ ತೃತೀಯ. ಕಾಕೂ ಬಿಸಿ ಬಿಸಿ ಪುರಣಪೋಳಿ ಕಳಿಸಿ, ಕೆಳಗಿನಿಂದ ಕೂಗಿದರು: "ಆಜೀ, ತೂಪ್ ಪಾಹಿಜೇ ಕಾ?" ಪೋಳಿಗೆ ತುಪ್ಪ ಬೇಕಾ ಅಂತ ಕೇಳಿದ್ದು. ನಾನು ಆಫೀಸಿನ ಕಾಲ್‌ನಲ್ಲಿ ಸಿಕ್ಕಿಕೊಂಡಿದ್ದೆ. ಅತ್ತೆಗೆ ಅರ್ಥವಾದದ್ದು ತೂಪ್ ಒಂದೇ. ಪಾಪ, ಅವರ ಮನೆಯಲ್ಲಿ ತುಪ್ಪ ಖಾಲಿಯಾಗಿದೆ ಅಂದುಕೊಂಡು, ಊರಿಂದ ತಂದ ಡಬ್ಬಿಯಲ್ಲಿ ತಳದಲ್ಲಿ ಉಳಿದಿದ್ದನ್ನೆಲ್ಲ ಬಟ್ಟಲಿಗೆ ಬಳಿದು ಇಳಿಸಿದರು. ಕಾಕೂ ಪಾಪ, ಇವರಿಗೆ ಇಷ್ಟು ಸಾಲದು ಅಂದುಕೊಂಡರು. ಅದರ ಮೇಲೆ ತಮ್ಮದೂ ಎರಡು ಚಮಚ ಹಾಕಿ ಮೇಲೆ ಕಳಿಸಿದರು. "ಸಂಕೋಚ ಮಾಡ್ಕಂತ್ರ್ ಕಾಣ್" ಅಂತ ಅತ್ತೆ ಮತ್ತೆ ಇಳಿಸಿದರು. ನನ್ನ ಕಾಲ್ ಮುಗಿಯುವ ಹೊತ್ತಿಗೆ ಬಟ್ಟಲು ತುಂಬಿತ್ತು, ಪೋಳಿ ತಣ್ಣಗಾಗಿತ್ತು.

ಊರಿಗೆ ಹೋಗುವ ಕತೆ ಬೇರೆ. ಪ್ರತಿ ವರ್ಷ "ಯಾವಾಗ ಬತ್ರಿ?" ಅಂತ ಪ್ರಾಣ ತಿನ್ನುತ್ತಿದ್ದ ನೆಂಟರು ಈಗ "ಬಪ್ಪುದ್ ಬ್ಯಾಡ ಮಾರಾಯ್ರೆ, ಮಳೆಗಾಲ ಕಳೀಲಿ" ಅನ್ನತೊಡಗಿದರು. ಮೇ 18ಕ್ಕೆ ಕರ್ನಾಟಕ ಸರ್ಕಾರವೇ ತಿಂಗಳ ಕೊನೆಯವರೆಗೆ ಮಹಾರಾಷ್ಟ್ರದವರಿಗೆ ಬಾಗಿಲು ಹಾಕಿತು. ಆಮೇಲೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ, ಬಾಡಿಗೆ ಕಾರು, ಅಲ್ಲಿ ಕ್ವಾರಂಟೈನ್. ಅಂತೂ ಹತ್ತು ದಿನಕ್ಕೆ ಬಂದವರು ಮೂರು ತಿಂಗಳು ದಾಟಿಸಿ ಮನೆ ಸೇರಿದರು.

ಫೋನ್ ಮಾಡಿದಾಗ ಮೊದಲು ಹೇಳಿದ್ದು, ತಾವಿಲ್ಲದಾಗ ಭಾವ ಬಾವಿಗೆ ಪಂಪ್ ಕೂರಿಸಿದ್ದಾರೆ ಅಂತ. ರಾಟೆ ಬಿಚ್ಚಿ ಕೊಟ್ಟಿಗೆಯಲ್ಲಿ ಇಟ್ಟಿದ್ದಾರಂತೆ. ಆಮೇಲೆ ಕೇಳಿದ್ದು ಕಾಕೂ ಹೇಗಿದ್ದಾರೆ ಅಂತ.

ಮರುದಿನ ಭಾಜೀವಾಲಾ ಬಂದ. ಅತ್ತೆಯ ಟವೆಲ್ ಅಲ್ಲೇ ಇತ್ತು, ಅವರ ಕುಣಿಕೆಯೂ ಇತ್ತು. ನಾನು ಬಕೆಟ್ ಇಳಿಸಿದೆ. ಅದು ಢಣ್ ಅಂತ ಎರಡನೇ ಮಹಡಿಯ ಗ್ರಿಲ್ಲಿಗೆ ಬಡಿಯಿತು. ಕಾಕೂ ಓಡಿ ಬಂದು ಖುಷಿಯಲ್ಲಿ ತಲೆ ಎತ್ತಿದವರು, ನನ್ನ ಮುಖ ನೋಡಿ ಉಸಿರು ಬಿಟ್ಟರು.

"ತುಲಾ ನಾಹೀ ಜಮತ್ ಗ" ಅಂದರು. ನಿನ್ನ ಕೈಲಾಗಲ್ಲ ಬಿಡು ಅಂತ.