ಫಾರ್ವರ್ಡ್ ಮಾಡೋದಕ್ಕೆ ಸಂಘ ಬೇಕಾ?

2025ರ ಸೆಪ್ಟೆಂಬರ್ ಮೊದಲ ವಾರ. ಬಿಸಿಯೂಟ ಮುಗಿದು ಮಕ್ಕಳು ತಟ್ಟೆ ತೊಳೆಯುತ್ತಿದ್ದರು. ನಮ್ಮ ಶಾಲೆಯ ಹಿರಿಯ ಟೀಚರ್, ನಾನು ಅಕ್ಕ ಅಂತಲೇ ಕರೆಯೋದು, ಸ್ಟಾಫ್ ರೂಮಿನ ಮೂಲೆಯಲ್ಲಿ ಫೋನ್ ಹಿಡಿದು ಕೂತಿದ್ದರು. ಊಟದ ಡಬ್ಬಿ ತೆಗೆದೇ ಇರಲಿಲ್ಲ. ಏನಾಯ್ತಕ್ಕಾ ಎಂದೆ. ಮಾತಾಡದೆ ಫೋನ್ ಕೈಗೆ ಕೊಟ್ಟರು.

ನಮ್ಮ ತಾಲ್ಲೂಕಿನ ಶಿಕ್ಷಕರ ಸಂಘದ ವಾಟ್ಸಾಪ್ ಗ್ರೂಪ್. ಅದರಲ್ಲಿ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಬಗ್ಗೆ ಒಂದೇ ಸಾಲು: "ಟಿಇಟಿ ಪಾಸಾಗದ ಶಿಕ್ಷಕರು ಮನೆಗೆ!" ಕೆಳಗೊಂದು ಉದ್ದನೆಯ ಇಂಗ್ಲಿಷ್ ಪಿಡಿಎಫ್. ಮುಗೀತು.

ಅಕ್ಕನ ನಿವೃತ್ತಿಗೆ ಪೂರ್ತಿ 4 ವರ್ಷವೂ ಇಲ್ಲ. ಮೂವತ್ತು ವರ್ಷ ಪಾಠ ಮಾಡಿದವರು "ಈಗ ಪರೀಕ್ಷೆ ಬರೀಬೇಕೇನೇ?" ಅಂತ ಕೇಳಿದರು. ರಾತ್ರಿ ಕೂತು ಆ ಪಿಡಿಎಫ್ ಓದಿದೆ. ಅವರ ಪ್ರಶ್ನೆಗೆ ಉತ್ತರ ಅದರ ಒಳಗೇ ಇತ್ತು. ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 1ರಂದು ಕೊಟ್ಟ ಆ ತೀರ್ಪಿನ ಪ್ರಕಾರ, ಸೇವೆ 5 ವರ್ಷಕ್ಕಿಂತ ಕಡಿಮೆ ಉಳಿದವರು ಟಿಇಟಿ ಇಲ್ಲದೆಯೇ ನಿವೃತ್ತಿವರೆಗೆ ಕೆಲಸ ಮಾಡಬಹುದು. ಬಡ್ತಿ ಬೇಕು ಅಂದರೆ ಮಾತ್ರ ಪಾಸಾಗಬೇಕು. ಅದಕ್ಕಿಂತ ಜಾಸ್ತಿ ಸೇವೆ ಉಳಿದವರಿಗೆ 2 ವರ್ಷ ಗಡುವು. ಅಂದರೆ ಹೆದರಬೇಕಾದವಳು ನಾನು, ಅಕ್ಕ ಅಲ್ಲ! ಆ ತೀರ್ಪು ಸರಿಯಾ ತಪ್ಪಾ ಅನ್ನೋದು ಬೇರೆ ಜಗಳ, ಇನ್ನೊಂದು ದಿನ ಆಡೋಣ. ನನ್ನ ಸಿಟ್ಟು ಇರೋದು ಆ ಒಂದು ಸಾಲಿನ ಮೇಲೆ. ಎರಡು ಸಾಲು ಜಾಸ್ತಿ ಬರೆದಿದ್ದರೆ ಅಕ್ಕ ಆವತ್ತು ಊಟ ಮಾಡುತ್ತಿದ್ದರು.

ಗ್ರೂಪಿನಲ್ಲೇ ಕೇಳಬಹುದಿತ್ತಲ್ಲ ಅಂತೀರಾ? ಆಗೋದಿಲ್ಲ. ಮೊದಲು ಎಲ್ಲರೂ ಬರೆಯುತ್ತಿದ್ದರು. ಒಂದು ಸುತ್ತೋಲೆ ಬಿದ್ದರೆ ಅದರ ಮೇಲೆ ನಲವತ್ತು "ಧನ್ಯವಾದಗಳು ಸರ್", ಮಧ್ಯೆ ಯಾರದೋ ಹುಟ್ಟುಹಬ್ಬ, ನಾಲ್ಕು ಶುಭೋದಯದ ಗುಲಾಬಿ. ಸುತ್ತೋಲೆ ಹುಡುಕೋದೇ ಒಂದು ಕೆಲಸ. ಅದಕ್ಕೆ ಗ್ರೂಪನ್ನು "ಅಡ್ಮಿನ್ ಮಾತ್ರ" ಮಾಡಿದರು. ಗುಲಾಬಿ ನಿಂತವು, ನಿಜ. ಜೊತೆಗೆ ಪ್ರಶ್ನೆಗಳೂ ನಿಂತವು. ನನ್ನ ಪ್ರಕಾರ ಸಂಘ ಮಾಡಿದ ದೊಡ್ಡ ತಪ್ಪು ಇದೇ. ಸುತ್ತೋಲೆಯ ಅರ್ಥ ಬಿಚ್ಚಿಕೊಳ್ಳೋದೇ "ಸರ್, ಇದು ನಮಗೂ ಅನ್ವಯಿಸುತ್ತಾ?" ಅಂತ ಒಬ್ಬರು ಕೇಳಿದಾಗ.

ಹೊರಗಿನವರಿಗೆ ಒಂದು ಮಾತು. ಸರ್ಕಾರಿ ಆದೇಶ ಓದೋದೂ ಒಂದು ವಿದ್ಯೆ. ಮೊದಲು "ಓದಲಾಗಿದೆ" ಅಂತ ಹಳೇ ಆದೇಶಗಳ ಪಟ್ಟಿ ಇರುತ್ತದೆ. ಆಮೇಲೆ "ಪ್ರಸ್ತಾವನೆ". ಒಂದೊಂದು ವಾಕ್ಯ ಅರ್ಧ ಪುಟ. ಅಸಲು ಆದೇಶ ಕೊನೆಯಲ್ಲಿ, ನಾಲ್ಕೈದು ಸಾಲು. ನಾವು ಮೊದಲ ಪುಟ ನೋಡಿ ಗಾಬರಿಯಾಗಿ ಹಾಗೇ ಮುಂದಕ್ಕೆ ತಳ್ಳುತ್ತೇವೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಗುರುಭವನದಲ್ಲಿ, ಅಂದರೆ ಶಿಕ್ಷಕರ ಭವನದಲ್ಲಿ, ಸಂಘದ ಒಬ್ಬರು ಕಾರ್ಯದರ್ಶಿ ಇದ್ದರು. ಶನಿವಾರ ಬೆಳಗಿನ ಶಾಲೆ ಮುಗಿಸಿ ನಾವು ಬಸ್ಸು ಹತ್ತಿ ಹೋದರೆ ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂತಿರುತ್ತಿದ್ದರು. ಯಾವ ಸುತ್ತೋಲೆ ಕೊಟ್ಟರೂ ಮೊದಲು ಕೊನೇ ಪುಟ ತಿರುಗಿಸುತ್ತಿದ್ದರು. ಒಂದು ಸಲ ಓದಿ, ಸುಮ್ಮನಿದ್ದು, ಮತ್ತೊಂದು ಸಲ ಓದಿ, "ಇದು ನಮಗಲ್ಲ ಮೇಡಂ, ಹೈಸ್ಕೂಲಿನವರಿಗೆ, ಆರಾಮಾಗಿ ಹೋಗಿ" ಅನ್ನೋರು. ನಮಗೆ ಸಂಬಂಧಿಸಿದ್ದಾದರೆ ಗೋಡೆಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯೋರು. ಯಾರಿಗೆ, ಯಾವತ್ತಿನಿಂದ, ಏನು ಮಾಡಬೇಕು. ಗೊತ್ತಿಲ್ಲದ್ದರ ಮುಂದೆ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ. ಮುಂದಿನ ಶನಿವಾರದ ಹೊತ್ತಿಗೆ ಆ ಚಿಹ್ನೆ ಹೋಗಿ ಉತ್ತರ ಬಂದಿರುತ್ತಿತ್ತು. ವಾರ ತಡ, ಒಪ್ಪುತ್ತೇನೆ. ಆದರೆ ಬೋರ್ಡ್ ನೋಡಿ ಯಾರೂ ಅತ್ತದ್ದು ನನಗೆ ನೆನಪಿಲ್ಲ.

ಈಗ ವಾರ ಕಾಯೋ ಹಾಗಿಲ್ಲ ಅನ್ನೋದೂ ಸರಿಯೇ. 2024ರ ಮಾರ್ಚ್ ನೆನಪಿದೆಯಾ? 5, 8, 9ನೇ ತರಗತಿಯ ಬೋರ್ಡ್ ಪರೀಕ್ಷೆ. ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಬೇಡ ಅಂತು. 7ಕ್ಕೆ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರುವಾಯಿತು. 12ಕ್ಕೆ ಸುಪ್ರೀಂ ಕೋರ್ಟ್ ಮಧ್ಯೆ ಬಂದು ಪರೀಕ್ಷೆ ಅರ್ಧಕ್ಕೆ ನಿಂತಿತು. 22ಕ್ಕೆ ಮತ್ತೆ ಹೈಕೋರ್ಟ್ ನಡೆಸಿ ಅಂತು, 25ರಿಂದ ಉಳಿದ ಪತ್ರಿಕೆಗಳು. ಏಪ್ರಿಲ್ 8ಕ್ಕೆ ಫಲಿತಾಂಶಕ್ಕೇ ತಡೆ! ಆ ತಿಂಗಳು ಗ್ರೂಪಿನಲ್ಲಿ "ಪರೀಕ್ಷೆ ರದ್ದು" ಅನ್ನೋ ಮೆಸೇಜು ಎಷ್ಟು ಸಲ ಓಡಾಡಿತೋ ಲೆಕ್ಕವಿಲ್ಲ. ಒಂದರ ಮೇಲೂ ತಾರೀಖು ಇಲ್ಲ. 7ನೇ ತಾರೀಖು ಪೀಠ ತಡೆ ಕೊಟ್ಟ ಮೇಲೂ 6ರ ಸುದ್ದಿ ಹೊಸದಾಗಿ ಬರುತ್ತಿತ್ತು. ಗೇಟಿನ ಹತ್ತಿರ ಅಪ್ಪ ಅಮ್ಮಂದಿರು "ನಾಳೆ ಕಳಿಸೋದಾ ಬೇಡ್ವಾ ಟೀಚರ್?" ಅಂತ ಕೇಳಿದರೆ, ಟಿವಿಯಲ್ಲಿ ಏನು ಬರುತ್ತದೋ ನೋಡಿ ಅಂದೆ. ಶಾಲೆಯ ಟೀಚರು ಹೇಳೋ ಮಾತಾ ಇದು?

ತಾರೀಖಿನದ್ದೇ ಇನ್ನೊಂದು ಕಥೆ. ಇದು ಇನ್ನೂ ಚುಚ್ಚುತ್ತದೆ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ 2022ರಲ್ಲಿ ಆದೇಶವಾಗಿತ್ತು, 2025-26ರಿಂದ ಜಾರಿ. 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷಕ್ಕೆ ಮಾತ್ರ ಸಡಿಲ ಮಾಡಿದರು: ಯುಕೆಜಿ ಮುಗಿಸಿದ್ದರೆ 5 ವರ್ಷ 5 ತಿಂಗಳು ಸಾಕು. ಮೇ ತಿಂಗಳಲ್ಲಿ ಒಬ್ಬರು ತಾಯಿ ಮಗನನ್ನು ಕಾನ್ವೆಂಟಿನಿಂದ ಬಿಡಿಸಿ ನಮ್ಮಲ್ಲಿ ಸೇರಿಸಲು ಬಂದರು. ಹುಡುಗ ಹುಟ್ಟಿದ್ದು 2019ರ ನವೆಂಬರ್. ಅದೇ ವಾರ ಯಾರೋ ಪುಣ್ಯಾತ್ಮರು 2022ರ ಆದೇಶವನ್ನು ಮತ್ತೆ ಗ್ರೂಪಿಗೆ ಹಾಕಿದ್ದರು, "ಎಲ್ಲರ ಗಮನಕ್ಕೆ" ಅಂತ. ನಮ್ಮ ಎಚ್‌ಎಂ ಅದನ್ನೇ ನಂಬಿ, ವಯಸ್ಸು ಸಾಲದು, ಬರುವ ವರ್ಷ ಬನ್ನಿ ಅಂದರು. ಎರಡು ದಿನಕ್ಕೆ ತಪ್ಪು ಗೊತ್ತಾಗಿ ಫೋನ್ ಮಾಡಿದರೆ ಆ ತಾಯಿ ಅಲ್ಲೇ ಫೀಸು ಕಟ್ಟಿ ಆಗಿತ್ತು. ದಾಖಲಾತಿ ಇಲ್ಲ, ದಾಖಲಾತಿ ಇಲ್ಲ ಅಂತ ಮನೆ ಮನೆ ತಿರುಗೋ ನಾವೇ, ಬಾಗಿಲಿಗೆ ಬಂದ ಮಗುವನ್ನು ವಾಪಸ್ ಕಳಿಸಿದೆವು.

ಇಷ್ಟಾದರೂ ಸಂಘದ ಯಾವ ಸುದ್ದಿ ತಪ್ಪದೇ ಬರುತ್ತದೆ ಗೊತ್ತಾ? ಫೋಟೋ. ಒಂದು ಹಾಳೆಯನ್ನು ಒಂಬತ್ತು ಜನ ಹಿಡಿದುಕೊಂಡು ನಿಂತ ಫೋಟೋ. "ಮನವಿ ಸಲ್ಲಿಸಲಾಯಿತು." ಆ ಹಾಳೆಯಲ್ಲಿ ಏನು ಬರೆದಿದೆ ಅಂತ ಯಾರೂ ಹಾಕೋದಿಲ್ಲ. ವಂತಿಗೆ ಕೊಡುವವರು ನಾವು, ಓದುವ ಹಕ್ಕೂ ನಮಗಿದೆ ಅಲ್ವಾ?

ಅಕ್ಕನ ಪ್ರಸಂಗ ಆದಮೇಲೆ ಸಂಘದ ಈಗಿನ ಕಾರ್ಯದರ್ಶಿಗೆ ಫೋನ್ ಹಚ್ಚಿದೆ. ಜಗಳಕ್ಕೇ ಮಾಡಿದ್ದು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಮೇಡಂ, ಫಾರ್ವರ್ಡ್ ಮಾಡಿದ್ದು ತಪ್ಪಾದರೆ ಯಾರೂ ನನ್ನನ್ನು ಕೇಳಲ್ಲ. ನಾನೇ ಅರ್ಥ ಬರೆದು ಅದು ತಪ್ಪಾದರೆ ಇಡೀ ತಾಲ್ಲೂಕು ನನ್ನ ಕುತ್ತಿಗೆಗೆ ಬರುತ್ತೆ" ಅಂದರು. ನನ್ನ ಸಿಟ್ಟು ಅರ್ಧ ಇಳಿಯಿತು. ಅವರೂ ಬೆಳಿಗ್ಗೆಯಿಂದ ಸಂಜೆವರೆಗೆ ಮೂರು ತರಗತಿ ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವವರು. ರಾತ್ರಿ ಹತ್ತಕ್ಕೆ ಫೋನ್ ಮಾಡಿ ವರ್ಗಾವಣೆ ಕೇಳುವವರು ಬೇರೆ. ಇದಕ್ಕೆಲ್ಲ ಸಂಬಳವಿಲ್ಲ.

ಆದರೂ ಒಪ್ಪಲಿಲ್ಲ. ತಪ್ಪಾದರೆ ತಿದ್ದಿ, ತಿದ್ದಿದ್ದೇವೆ ಅಂತ ಅಷ್ಟೇ ದೊಡ್ಡದಾಗಿ ಹೇಳಿ. ಕ್ಲಸ್ಟರಿಗೊಬ್ಬರಂತೆ, ಅಂದರೆ ಅಕ್ಕಪಕ್ಕದ ಶಾಲೆಗಳ ಒಂದೊಂದು ಗುಂಪಿಗೆ ಒಬ್ಬರಂತೆ, ಓದೋಕೆ ಆಸಕ್ತಿ ಇರುವವರು ಸಿಗುತ್ತಾರೆ, ಅವರನ್ನು ಸೇರಿಸಿಕೊಳ್ಳಿ. ಗ್ರೂಪನ್ನು ದಿನಕ್ಕೆ ಒಂದು ಗಂಟೆ ತೆರೆಯಿರಿ, ಪ್ರಶ್ನೆಗೆ ಮಾತ್ರ. "ಹಾಗಾದರೆ ಮುಂದಿನದ್ದು ನೀವೇ ಬರೆದುಕೊಡಿ" ಅಂದರು. ಸಿಕ್ಕಿಹಾಕಿಕೊಂಡೆ.

ಮುಂದಿನದ್ದು ಅಕ್ಟೋಬರ್ 7ಕ್ಕೇ ಬಂತು. ಮಾರನೇ ದಿನ ಶಾಲೆ ಶುರುವಾಗಬೇಕು, ಹಿಂದಿನ ದಿನ ರಾಜ್ಯದ ಜಾತಿ ಸಮೀಕ್ಷೆಗಾಗಿ ದಸರಾ ರಜೆ ಮುಂದುವರಿಸಿದರು. ಅವಸರದಲ್ಲಿ ನಾಲ್ಕು ಸಾಲು ಬರೆದೆ. ಮಕ್ಕಳಿಗೆ 8ರಿಂದ 18ರವರೆಗೆ ರಜೆ. ಸಮೀಕ್ಷೆಗೆ ನೇಮಕವಾದ ಟೀಚರಿಗೆ ರಜೆಯಲ್ಲ, ಮನೆ ಮನೆ ಕೆಲಸ. ಎಲ್ಲಾ ಶಾಲೆಗಳಿಗೂ ಅನ್ವಯ. ರಜೆಯಲ್ಲಿ ಮಾಡಿದ ಕೆಲಸಕ್ಕೆ ಬದಲಾಗಿ ಗಳಿಕೆ ರಜೆ ಸಿಗುತ್ತದಾ: ಗೊತ್ತಿಲ್ಲ, ಕೇಳುತ್ತಿದ್ದೇವೆ.

ಇಪ್ಪತ್ತು ನಿಮಿಷಕ್ಕೆ ಗೊತ್ತಾಯಿತು, ಮೂರನೇ ಸಾಲು ತಪ್ಪು. ಅದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ. ಮುಖ ಬಿಸಿಯಾಯಿತು. ತಿದ್ದಿ, ಮೇಲೆ "ಮೊದಲು ಹಾಕಿದ್ದರಲ್ಲಿ ಮೂರನೇ ಸಾಲು ತಪ್ಪಾಗಿತ್ತು, ಇದನ್ನು ನೋಡಿ" ಅಂತ ಬರೆದು ಕಳಿಸಿದೆ. ಆವತ್ತು ಏಳರಿಂದ ಎಂಟರವರೆಗೆ ಗ್ರೂಪ್ ತೆರೆದಿದ್ದರು. ಕೇಳಿದವರೆಲ್ಲ ಗಳಿಕೆ ರಜೆ ಬಗ್ಗೆಯೇ ಕೇಳಿದರು. ಕುತ್ತಿಗೆಗೆ ಯಾರೂ ಬರಲಿಲ್ಲ. ಇಬ್ಬರು ಗುಲಾಬಿ ಹಾಕಿದರು, ಅಭ್ಯಾಸ ಬಲ.

ರಾತ್ರಿ ಕಾರ್ಯದರ್ಶಿಯ ಮೆಸೇಜು: "ಇನ್ನೊಂದು ಬಂದಿದೆ ಮೇಡಂ, ಆರು ಪುಟ. ಕಳಿಸಲಾ?"