ಡಾಕರ್‌ಗೆ ದುಡ್ಡು ಕಟ್ಟಬೇಕಾ? ಒಂದು ಸ್ಪಷ್ಟನೆ

ಡಾಕರ್ ಅಂದರೆ ಪ್ರೋಗ್ರಾಂ ಒಂದನ್ನು ಅದಕ್ಕೆ ಬೇಕಾದ ಫೈಲ್‌ಗಳ ಸಮೇತ 'ಕಂಟೇನರ್' ಎಂಬ ಡಬ್ಬಿಯಲ್ಲಿ ಹಾಕಿ ಓಡಿಸುವ ಸಾಫ್ಟ್‌ವೇರ್. 'ಡಾಕರ್ ಈಗ ಫ್ರೀ ಅಲ್ಲ, ಕಂಪ್ಯೂಟರ್‌ನಿಂದ ತೆಗೆದುಹಾಕಿ, ಇಲ್ಲದಿದ್ದರೆ ದಂಡ ಬೀಳುತ್ತದೆ' ಎಂಬ ಮೆಸೇಜ್ ಮತ್ತೆ ಓಡಾಡುತ್ತಿದೆ. ಇದರಲ್ಲಿ ಅರ್ಧ ನಿಜ ಇದೆ. ಗೊಂದಲ ಆಗಿರುವುದೇ ಅದರಿಂದ.

2021ರ ಆಗಸ್ಟ್ ಕೊನೆಯಲ್ಲಿ ಡಾಕರ್ ಕಂಪನಿ ನಿಯಮ ಬದಲಿಸಿದ್ದು ಡಾಕರ್ ಡೆಸ್ಕ್‌ಟಾಪ್‌ಗೆ ಮಾತ್ರ. ವಿಂಡೋಸ್, ಮ್ಯಾಕ್‌ನಲ್ಲಿ ತಿಮಿಂಗಿಲದ ಐಕಾನ್ ಕಾಣುತ್ತದಲ್ಲ, ಅದು. ಅದಕ್ಕೂ ಎಲ್ಲರೂ ದುಡ್ಡು ಕೊಡಬೇಕಿಲ್ಲ. ಓದುವವರಿಗೆ, ಸ್ವಂತಕ್ಕೆ ಬಳಸುವವರಿಗೆ, ಲಾಭಕ್ಕಲ್ಲದ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ) ಕೆಲಸಕ್ಕೆ ಫ್ರೀ. ಕಂಪನಿಗಳಾದರೆ, 250ಕ್ಕಿಂತ ಕಡಿಮೆ ನೌಕರರಿರಬೇಕು, ವರ್ಷದ ಆದಾಯವೂ 1 ಕೋಟಿ ಡಾಲರ್ ಒಳಗಿರಬೇಕು. ಎರಡೂ ಷರತ್ತು ಒಟ್ಟಿಗೆ ಪಾಸಾಗಬೇಕು. ಜನ ಎಡವುವುದು ಇಲ್ಲೇ: 40 ಜನರ ಕಂಪನಿಯಾದರೂ ಆದಾಯ ಜಾಸ್ತಿ ಇದ್ದರೆ ಚಂದಾ ಕಟ್ಟಲೇಬೇಕು.

ಕಂಟೇನರ್ ಓಡಿಸುವ ಅಸಲಿ ಕೆಲಸ ಡಾಕರ್ ಇಂಜಿನ್‌ನದ್ದು. ಅದು ಅಪಾಚೆ 2.0 ಲೈಸೆನ್ಸ್‌ನ ಓಪನ್ ಸೋರ್ಸ್. ಉಬುಂಟು (ಒಂದು ಬಗೆಯ ಲಿನಕ್ಸ್) ಸರ್ವರ್‌ನಲ್ಲಿ ನೇರವಾಗಿ ಹಾಕಿಕೊಂಡರೆ ಕಂಪನಿ ಎಷ್ಟು ದೊಡ್ಡದಿದ್ದರೂ ಪೈಸೆ ಕೊಡಬೇಕಿಲ್ಲ. ವಿಂಡೋಸ್‌ನವರು ಡಬ್ಲ್ಯುಎಸ್‌ಎಲ್ 2 (ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗಿನ ಉಬುಂಟುವಿನಲ್ಲೂ ಹಾಗೇ ಹಾಕಿಕೊಳ್ಳಬಹುದು. ಐಕಾನ್, ಬಟನ್ ಸಿಗಲ್ಲ, ಕಮಾಂಡ್‌ಗಳು ಅವೇ.

ಡಾಕರ್ ಹಬ್ ಎಂಬ ಆನ್‌ಲೈನ್ ಸಂಗ್ರಹದಿಂದ ಇಮೇಜ್ (ಕಂಟೇನರ್ ತಯಾರಿಸುವ ಸಿದ್ಧ ಅಚ್ಚು) ಇಳಿಸಲು ಮಿತಿ ಬಂದದ್ದು ಬೇರೆ ವಿಷಯ, ಅದು 2020ರದ್ದು. ಎರಡನ್ನೂ ಸೇರಿಸಿ ಸುಮ್ನೆ ಗಾಬರಿ ಹುಟ್ಟಿಸಿದ್ದಾರೆ.

ನಿಮ್ಮ ಕಂಪನಿ ಆ ಎರಡು ಷರತ್ತುಗಳಲ್ಲಿ ಒಂದನ್ನಾದರೂ ಮೀರಿದೆ, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಡೆಸ್ಕ್‌ಟಾಪ್ ಆವೃತ್ತಿ ಇದೆ ಅಂದರೆ ಐಟಿ ವಿಭಾಗದವರನ್ನು ಒಮ್ಮೆ ಕೇಳಿ. ಉಳಿದವರು ಏನನ್ನೂ ತೆಗೆಯಬೇಕಿಲ್ಲ.