ಹೆರಿಗೆ ಬ್ಯಾಗು ತಾಯಿಯದ್ದು ಮಾರಾಯ್ರೇ

ಮಗು ಹುಟ್ಟುವ ಮೊದಲೇ ಮಗುವಿಗೆ ಬಟ್ಟೆ ತರಬಾರದು ಅಂತ ನಮ್ಮ ಕಡೆ ಇನ್ನೂ ಹೇಳುವವರಿದ್ದಾರೆ. ಆ ಮಾತಿನ ಮೇಲೆ ನನಗೆ ಸಿಟ್ಟಿಲ್ಲ. ಹುಟ್ಟಿದ ಮಕ್ಕಳು ಉಳಿಯುವುದೇ ಗ್ಯಾರಂಟಿ ಇಲ್ಲದ ಕಾಲದ ಭಯ ಅದು. ಆದರೆ ಅದನ್ನೇ ಹಿಡಿದುಕೊಂಡು ತಿಂಗಳು ತುಂಬಿದರೂ ಒಂದು ಚೀಲ ಕಟ್ಟದೆ ಕೂತರೆ, ನೋವು ಶುರುವಾದ ರಾತ್ರಿ ಮನೆಮಂದಿಯೆಲ್ಲ ಕಪಾಟಿನ ಮುಂದೆ ನಿಂತಿರುತ್ತಾರೆ. ಇದಕ್ಕೆ ನಮ್ಮ ದೊಡ್ಡಮ್ಮನೇ ಒಂದು ದಾರಿ ಮಾಡಿದ್ದರು. ಹೊಸತು ಏನೂ ಬೇಡ, ಅಜ್ಜನ ಹಳೆ ಬಿಳಿ ಪಂಚೆ ತೆಗೆದು, ಕುದಿಸಿ, ಬಿಸಿಲಿಗೆ ಹಾಕಿ, ಹರಿದು, ಮಡಚಿ ಇಡು ಅನ್ನುತ್ತಿದ್ದರು. ಶಾಸ್ತ್ರವೂ ಉಳಿಯಿತು, ಮಗುವಿಗೆ ಮೆತ್ತಗಿನ ಬಟ್ಟೆಯೂ ಸಿಕ್ಕಿತು.

ಈಗ ಇದನ್ನೆಲ್ಲ ಬರೆಯಲು ಕಾರಣ ಬದಿಯಡ್ಕದಲ್ಲಿರುವ ನನ್ನ ಅಣ್ಣನ ಮಗಳು. ಅವಳಿಗೆ ಎಂಟು ತಿಂಗಳು. ಮೊನ್ನೆ ವಾಟ್ಸಾಪಿನಲ್ಲಿ ಒಂದು ಲಿಸ್ಟ್ ಕಳಿಸಿ, "ಅತ್ತೇ, ಇದೆಲ್ಲ ಬೇಕಾ?" ಅಂತ ಕೇಳಿದಳು. ನೋಡಿದೆ. ರೇಷ್ಮೆ ಗೌನ್, ಸುವಾಸನೆಯ ಎಣ್ಣೆ, ಹಾಡು ಕೇಳಲು ಸ್ಪೀಕರ್, ಫೋಟೋಗೆ ಮಗುವಿನ ಮೂರು ಜೊತೆ ಡ್ರೆಸ್, ಬರುವವರಿಗೆ ಕೊಡಲು ಚಾಕಲೇಟ್. ತಾಯಿಗೆ ಅಂತ ಹುಡುಕಿದರೆ ಲಿಪ್ ಬಾಮ್ ಸಿಕ್ಕಿತು.

ನಮ್ಮ ಮನೆಗಳಲ್ಲಿ ಕಟ್ಟುವ ಬ್ಯಾಗೂ ಇದಕ್ಕಿಂತ ಭಾರಿ ಬೇರೆ ಏನಲ್ಲ. ಮುಕ್ಕಾಲು ಪಾಲು ಮಗುವಿನದ್ದು, ಉಳಿದದ್ದು ನೋಡಲು ಬರುವವರ ಲೆಕ್ಕಕ್ಕೆ. ಹೆರುವವಳಿಗೆ ಎರಡು ನೈಟಿ ತುರುಕಿದರೆ ಆಯಿತು. ನಿಜ ಹೇಳಬೇಕೆಂದರೆ ಮೊದಲ ಎರಡು ದಿನ ಮಗುವಿಗೆ ಬೇಕಾದ್ದು ಸ್ವಲ್ಪವೇ: ಬೆಚ್ಚಗೆ ಸುತ್ತಲು ಬಟ್ಟೆ, ಒಂದು ಟೊಪ್ಪಿ, ತಾಯಿಯ ಮೈ, ತಾಯಿಯ ಹಾಲು. ರಕ್ತ ಹೋಗುವುದು, ಹೊಲಿಗೆ ಎಳೆಯುವುದು, ಎದೆ ಬಿಗಿಯುವುದು, ನಿದ್ದೆ ಇಲ್ಲದಿರುವುದು ಎಲ್ಲ ತಾಯಿಗೆ. ಹಾಗಾಗಿ ಬ್ಯಾಗು ಮೊದಲು ಅವಳದ್ದು.

ಅದಕ್ಕೂ ಮೊದಲು ಫೈಲ್. ಕೇರಳದ ಕಾಸರಗೋಡಿನಲ್ಲಿದ್ದು ಹೆರಿಗೆಗೆ ಕರ್ನಾಟಕಕ್ಕೆ ಹೋಗುವ ನಮ್ಮಂಥ ಗಡಿಯವರಿಗೆ ಇದು ಬಟ್ಟೆಗಿಂತ ಮುಖ್ಯ. ತಿಂಗಳ ಚೆಕಪ್ ಕುಂಬಳೆಯಲ್ಲೋ ಕಾಸರಗೋಡಿನಲ್ಲೋ, ಸ್ಕ್ಯಾನಿಂಗ್ ಇನ್ನೆಲ್ಲೋ, ಹೆರಿಗೆಗೆ ಹೊರಡುವುದು ಮಂಗಳೂರಿಗೆ. ಪೆರ್ಲದವರು ಪುತ್ತೂರಿಗೆ, ಮುಳ್ಳೇರಿಯದವರು ಸುಳ್ಯಕ್ಕೆ ಹೋಗುವುದೂ ಉಂಟು. ರಾತ್ರಿ ಡ್ಯೂಟಿಯ ಡಾಕ್ಟರಿಗೆ ನೀವು ಯಾರೆಂದು ಗೊತ್ತಿರುವುದಿಲ್ಲ. ಅವರಿಗೆ ಕಾಣುವುದು ಫೈಲ್ ಮಾತ್ರ. ತಾಯಿ ಕಾರ್ಡ್, ಎಲ್ಲ ಸ್ಕ್ಯಾನ್ ರಿಪೋರ್ಟ್, ರಕ್ತ ಪರೀಕ್ಷೆ, ತೆಗೆದುಕೊಳ್ಳುತ್ತಿರುವ ಮಾತ್ರೆಯ ಚೀಟಿ, ಆಧಾರ್, ವಿಮೆ ಕಾರ್ಡ್ ಎಲ್ಲ ತಾರೀಕಿನ ಪ್ರಕಾರ ಜೋಡಿಸಿ. ಪ್ರತಿಯೊಂದರ ಫೋಟೋ ತೆಗೆದು ಗಂಡನ ಫೋನಿಗೂ ಅಮ್ಮನ ಫೋನಿಗೂ ಕಳಿಸಿ. ಫೈಲಿನ ಹೊರಗೆ ದಪ್ಪ ಅಕ್ಷರದಲ್ಲಿ ರಕ್ತದ ಗುಂಪು ಬರೆಯಿರಿ. ನೆಗೆಟಿವ್ ಆದರೆ ಕೆಂಪು ಪೆನ್ನಿನಲ್ಲಿ. ಮಗು ಪಾಸಿಟಿವ್ ಆಗಿದ್ದರೆ ತಾಯಿಗೆ 72 ಗಂಟೆಯ ಒಳಗೆ ಆಂಟಿ ಡಿ ಇಂಜೆಕ್ಷನ್ ಕೊಡಬೇಕಾಗುತ್ತದೆ. ಆ ಗಲಾಟೆಯಲ್ಲಿ ಯಾರೂ ಮರೆಯಬಾರದು.

ಇನ್ನೊಂದು ಚೀಟಿ ಅದೇ ಫೈಲಿನಲ್ಲಿ ಇಡಿ. ತಂದೆ, ತಾಯಿಯ ಹೆಸರು ಆಧಾರಿನಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೇ, ಒಂದಕ್ಷರ ಆಚೀಚೆ ಆಗದಂತೆ ಬರೆದ ಚೀಟಿ. ಯಾಕೆ ಅಂತೀರಾ? ಶ್ರೀಲತಾ ಅಂತ ಹೆಸರಿದ್ದರೆ ಕೇರಳದಲ್ಲಿ ಎಸ್ ಆರ್ ಡಬಲ್ ಇ ಹಾಕಿ ಬರೆಯುತ್ತಾರೆ, ಕೊನೆಗೆ ಟಿ ಎಚ್. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಬಂದರೆ ಅದೇ ಹೆಸರು ಎಸ್ ಎಚ್ ಆರ್ ಐ ಆಗುತ್ತದೆ. ನಮ್ಮ ಇನಿಷಿಯಲ್ ಇನ್ನೊಂದು ಕಥೆ. ಜನನ ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ, ನಿಮ್ಮ ಮನೆ ಇರುವ ಪಂಚಾಯತಿನಲ್ಲಿ ಅಲ್ಲ. ಮಂಗಳೂರಿನಲ್ಲಿ ಹೆತ್ತರೆ ಕರ್ನಾಟಕದ ಸರ್ಟಿಫಿಕೇಟ್. ಆಸ್ಪತ್ರೆಯವರೇ 21 ದಿನದೊಳಗೆ ವರದಿ ಮಾಡುತ್ತಾರೆ. ಫಾರ್ಮ್ ತುಂಬುವ ಹೊತ್ತಿಗೆ ನಿದ್ದೆಗೆಟ್ಟ ಗಂಡ ಹೇಳಿದ್ದೇ ಸ್ಪೆಲ್ಲಿಂಗ್. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನದ ಆಧಾರ ಈ ಸರ್ಟಿಫಿಕೇಟೇ. ಮತ್ತೆ ತಿದ್ದಿಸಲು ಗಡಿ ದಾಟಿ ಓಡಾಡುವ ಬದಲು ಮೊದಲೇ ಒಂದು ಚೀಟಿ ಬರೆದಿಟ್ಟರೆ ಆಯಿತು. ಮಗುವಿನ ಹೆಸರಿಗೆ ಅವಸರ ಬೇಡ, ಅದನ್ನು ಆಮೇಲೆ ಸೇರಿಸಬಹುದು.

ಕೇರಳದ ಆಸ್ಪತ್ರೆಗೇ ಹೋಗುವುದಾದರೆ ಅನುಮತಿ ಪತ್ರ ಮಲಯಾಳದಲ್ಲಿ ಇರಬಹುದು. ಕನ್ನಡ ಶಾಲೆಯಲ್ಲಿ ಕಲಿತ ನಮ್ಮಲ್ಲಿ ಎಷ್ಟೋ ಜನರಿಗೆ ಮಾತು ಬರುತ್ತದೆ, ಓದಲು ಬರುವುದಿಲ್ಲ. ನಾಚಿಕೆ ಬೇಡ. "ಓದಿ ಹೇಳಿ" ಅಂತ ಕೇಳಿ, ಅರ್ಥವಾದ ಮೇಲೆ ಸೈನ್ ಹಾಕಿ. ಓದಲು ಬರುವ ಒಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಇನ್ನು ಲೇಬರ್ ರೂಮಿನ ಕವರ್. ಇದನ್ನು ಬೇರೆಯೇ ಕಟ್ಟಿ. ನನ್ನ ನಾದಿನಿಯ ಹೆರಿಗೆಯಲ್ಲಿ ಬೈಸ್ಟ್ಯಾಂಡರ್ ಆಗಿ, ಅಂದರೆ ಜೊತೆಗಿರುವವಳಾಗಿ, ಕೂತಿದ್ದಾಗ ಕಣ್ಣಾರೆ ಕಂಡದ್ದು ಇದು. ಬಾಗಿಲು ಒಂದು ಗೇಣು ತೆರೆಯಿತು. ನರ್ಸ್ ತಲೆ ಹೊರಗೆ ಹಾಕಿ ಪಕ್ಕದ ಹುಡುಗಿಯ ಹೆಸರು ಕೂಗಿ, "ಕುಞ್ಞಿಂಡೆ ತುಣಿ ಎವಿಡೆ?" (ಮಗುವಿನ ಬಟ್ಟೆ ಎಲ್ಲಿ?) ಅಂತ ಕೈ ಚಾಚಿದರು. ಆ ಹುಡುಗಿಯ ಗಂಡ ದೊಡ್ಡ ಟ್ರಾಲಿ ಬ್ಯಾಗಿನ ಜಿಪ್ ಎಳೆದ. ಮೇಲೆ ಬ್ಲಾಂಕೆಟ್, ಅದರ ಕೆಳಗೆ ಗೊಂಬೆ, ಬೇಬಿ ಪೌಡರ್, ಹಾಲಿನ ಬಾಟಲಿಯ ಸೆಟ್, ಇವನ ಲುಂಗಿ, ಚಕ್ಕುಲಿ ಡಬ್ಬ. ಒಂದೊಂದೇ ನೆಲಕ್ಕೆ ಬಂತು. ಮಗುವನ್ನು ಸುತ್ತುವ ಬಟ್ಟೆ ಅಡಿಯಲ್ಲಿ, ಹೊಸತು, ಸ್ಟಿಕ್ಕರ್ ಸಮೇತ, ಗಂಜಿ ಹಾಕಿದ ಹಾಗೆ ಗಟ್ಟಿಯಾಗಿ. ಕೊನೆಗೆ ನಾವೇ ನಮ್ಮ ಕವರಿನಿಂದ ಒಂದು ತುಂಡು ಪಂಚೆ ಕೊಟ್ಟೆವು.

ಅದಕ್ಕೇ ಹೇಳುವುದು, ಒಳಗಿರುವುದು ಹೊರಗಿನಿಂದಲೇ ಕಾಣುವಂಥ ಕವರಿನಲ್ಲಿ ಇಷ್ಟೇ ಇರಲಿ: ಒಗೆದ ಮೆತ್ತಗಿನ ಬಟ್ಟೆ ನಾಲ್ಕೈದು, ಮಗುವಿನ ಟೊಪ್ಪಿ, ತಾಯಿಗೆ ಒಂದು ನೈಟಿ, ಒಳ ಉಡುಪು, ದೊಡ್ಡ ಪ್ಯಾಡ್. ಮೇಲೆ ಹೆಸರು ಬರೆದಿರಲಿ. ಅದು ಎಲ್ಲಿದೆ ಅಂತ ಜೊತೆಗೆ ಬರುವವರಿಗೆ ಮೊದಲೇ ತೋರಿಸಿಡಿ. ಹುಟ್ಟಿದ ಮಗು ಒದ್ದೆಯಾಗಿರುತ್ತದೆ, ಬೇಗ ತಣ್ಣಗಾಗುತ್ತದೆ. ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ ಮೇಲಿಂದ ಬಟ್ಟೆ ಹೊದಿಸುವುದೇ ಮೊದಲ ಕೆಲಸ. ಸ್ನಾನಕ್ಕೆ 24 ಗಂಟೆಯಾದರೂ ಕಾಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹಾಗಾಗಿ ಬೇಬಿ ಸೋಪು, ಪೌಡರು, ಎಣ್ಣೆ ಮನೆಯಲ್ಲೇ ಇರಲಿ.

ತಾಯಿಯ ಬ್ಯಾಗಿನಲ್ಲಿ ಜಿಪುಣತನ ಬೇಡ. ಎದುರು ಜಿಪ್ ಇರುವ ಹತ್ತಿ ನೈಟಿ ಒಂದೆರಡು ಜಾಸ್ತಿಯೇ ಇರಲಿ, ಕಡು ಬಣ್ಣದ್ದು. ಒಳ ಉಡುಪು ಒಂದು ಸೈಜ್ ದೊಡ್ಡದು, ಸೊಂಟದ ಮೇಲೆ ಬರುವಂಥದ್ದು. ಸಿಸೇರಿಯನ್ ಆದರೆ ಕೆಳಗಿನ ಪಟ್ಟಿ ಹೊಲಿಗೆಯ ಮೇಲೇ ಕೂರುತ್ತದೆ. ಅದರ ಉರಿ ಅನುಭವಿಸಿದವರಿಗೇ ಗೊತ್ತು. ಹೆರಿಗೆಗೆ ಅಂತಲೇ ಬರುವ ದೊಡ್ಡ ಪ್ಯಾಡ್ ಎರಡು ಪ್ಯಾಕ್. ರಕ್ತಸ್ರಾವ ನಾಲ್ಕರಿಂದ ಆರು ವಾರ ಇರುತ್ತದೆ, ಸಿಸೇರಿಯನ್ ಆದವರಿಗೂ ಇರುತ್ತದೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಸೀಮಂತಕ್ಕೆ ಬಂದು ಮಡಿಲು ತುಂಬಿದ ಅಷ್ಟು ಹೆಂಗಸರಲ್ಲಿ ಒಬ್ಬರಾದರೂ ಹೇಳಬಹುದಿತ್ತು ಅಲ್ವಾ? ಜಾರದ ರಬ್ಬರ್ ಚಪ್ಪಲಿ, ಎರಡು ಬೈರಾಸು (ಟವೆಲ್), ಸ್ಕಾರ್ಫ್, ತಲೆಗೆ ಕಟ್ಟುವ ಬ್ಯಾಂಡ್, ಕನ್ನಡಕದ ಡಬ್ಬಿ, ಬ್ರಷ್. ಉದ್ದ ವೈರಿನ ಚಾರ್ಜರ್, ಯಾಕೆಂದರೆ ಪ್ಲಗ್ ಯಾವಾಗಲೂ ಮಂಚದಿಂದ ಮಾರು ದೂರ ಇರುತ್ತದೆ. ಕೊಳೆ ಬಟ್ಟೆಗೆ ಎರಡು ಪ್ಲಾಸ್ಟಿಕ್ ಚೀಲ.

ಬಂಗಾರ ಬೇಡವೇ ಬೇಡ. ಸೀಮಂತದ ಬಳೆ, ಕಾಲುಂಗುರ, ಸರ ಎಲ್ಲ ಆಪರೇಷನ್ ಥಿಯೇಟರಿಗೆ ಹೋಗುವಾಗ ತೆಗೆಯಲೇಬೇಕು. ಬೆರಳು ಬಾತುಕೊಂಡ ಮೇಲೆ ಉಂಗುರ ತೆಗೆಯುವ ಕಷ್ಟ ಬೇರೆ. ಎಂಟನೇ ತಿಂಗಳಿಗೇ ತೆಗೆದಿಡಿ. ನೈಲ್‌ಪಾಲಿಶ್ ಕೂಡ ಅಳಿಸಿ ಹೋಗಿ. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರ್ ಉಗುರಿನ ಮೂಲಕ ಬೆಳಕು ಹಾಯಿಸಿ ನೋಡುವಂಥದ್ದು, ಬಣ್ಣ ಅಡ್ಡ ಬರಬಹುದು.

ಊಟದ ಬಗ್ಗೆ ನಮ್ಮವರಿಗೆ ಹೇಳಿಕೊಡುವುದೇ ಬೇಡ. ಒಂದು ಒಳ್ಳೆ ಫ್ಲಾಸ್ಕ್, ಲೋಟ, ಚಮಚ ಇದ್ದರೆ ಸಾಕು. ಡಾಕ್ಟರ್ ಹೂಂ ಅಂದ ಮೇಲೆ ಕುಚ್ಚಲಕ್ಕಿ ಗಂಜಿಯ ತಿಳಿಯಷ್ಟು ಹಿತ ಬೇರೆ ಇಲ್ಲ.

ಈಗ ಬ್ಯಾಗಿನಿಂದ ತೆಗೆದು ಹೊರಗೆ ಇಡಬೇಕಾದ್ದು. ಇಲ್ಲಿ ನಾನು ಸ್ವಲ್ಪ ಜಗಳಗಂಟಿ. ಒಂದು, ಹಾಲಿನ ಬಾಟಲಿ. "ಇರಲಿ, ಹಾಲು ಬಾರದಿದ್ದರೆ?" ಅನ್ನುತ್ತಾರೆ. ಬ್ಯಾಗಿನಲ್ಲಿ ಬಾಟಲಿ ಇದ್ದರೆ ಮಗು ಎರಡನೇ ಸಲ ಅತ್ತಾಗಲೇ ಅದು ಹೊರಗೆ ಬರುತ್ತದೆ. ಮೊದಲು ಬರುವ ಹಳದಿ ಹಾಲು ಕೆಲವೇ ಹನಿ, ಮಗುವಿನ ಹೊಟ್ಟೆಗೂ ಅಷ್ಟೇ ಹಿಡಿಸುವುದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು, ಸಿಸೇರಿಯನ್ ಆದರೂ ಆದಷ್ಟು ಬೇಗ. ಬಾಟಲಿಯನ್ನೂ ಡಬ್ಬಿ ಹಾಲನ್ನೂ ಜಾಹೀರಾತು ಮಾಡಬಾರದು ಅಂತ ನಮ್ಮ ದೇಶದಲ್ಲಿ 1992ರಿಂದಲೇ ಕಾನೂನು ಇದೆ, ಸುಮ್ನೆ ಮಾಡಿದ್ದಲ್ಲ. ನಿಜವಾಗಿಯೂ ಬೇರೆ ಹಾಲು ಬೇಕಾದರೆ ಡಾಕ್ಟರೇ ಹೇಳುತ್ತಾರೆ. ಆಗ ಒಳಲೆಯಲ್ಲೋ ಚಮಚದಲ್ಲೋ ಕೊಟ್ಟರಾಯಿತು. ಡಬ್ಬಿ ಹಾಲು ಕೊಡಬೇಕಾಗಿ ಬಂದ ತಾಯಂದಿರನ್ನು ದೂರಿ ಮಾತಾಡುವವರೂ ಇದ್ದಾರೆ, ಅವರನ್ನೂ ಬ್ಯಾಗಿನಂತೆಯೇ ರೂಮಿನ ಮೂಲೆಯಲ್ಲಿ ಇಡಿ.

ಎರಡು, ಜೇನು. ಚಿನ್ನ ತೇಯ್ದು ಜೇನಿನಲ್ಲಿ ನೆಕ್ಕಿಸುವ ಆಸೆ ಅಜ್ಜಿಯಂದಿರಿಗೆ ಇನ್ನೂ ಹೋಗಿಲ್ಲ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾ ಎಳೆ ಹೊಟ್ಟೆಯಲ್ಲಿ ವಿಷ ಉಂಟುಮಾಡಬಹುದು. ಬಜೆಯನ್ನೂ ಕಾಡಿಗೆಯನ್ನೂ ಆಸ್ಪತ್ರೆಗೆ ತರಬೇಡಿ. ಅಜ್ಜಿಯ ಹತ್ತಿರ ವಾದ ಮಾಡಲು ಬಾಣಂತಿಗೆ ತ್ರಾಣ ಇರುವುದಿಲ್ಲ. ಅದು ಗಂಡನ ಕೆಲಸ, ಅಥವಾ ನನ್ನಂಥ ಅತ್ತೆಯರದ್ದು.

ಮಳೆಗಾಲವಾದರೆ ಲೆಕ್ಕ ಬೇರೆ. ಆಟಿ ತಿಂಗಳ ಜಡಿಮಳೆಯಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಮಗುವಿನ ಬಟ್ಟೆ ಎರಡರಷ್ಟು ಇಡಿ. ಸಣ್ಣ ಪ್ಯಾಕ್ ಡೈಪರ್ ಕೂಡ ಇರಲಿ, ಯಾರು ಏನೇ ಹೇಳಲಿ. ವಾಹನದ ಸೀಟಿಗೆ ಹಾಸಲು ಒಂದು ರಬ್ಬರ್ ಶೀಟು, ಮೇಲೆ ಹಳೆ ಚಾದರ. ನೀರು ಒಡೆದರೆ ದಾರಿಯುದ್ದಕ್ಕೂ ಹರಿಯುತ್ತದೆ.

ದಾರಿಯ ಮಾತು ಬಂತಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಹೈವೇ ಇದೆ ನಿಜ, ಆದರೆ ಬೆಟ್ಟದ ಮೇಲಿನ ಮನೆಯಿಂದ ಹೈವೇಗೆ ಇಳಿಯುವುದೇ ದೊಡ್ಡ ಕೆಲಸ. ನೋವು ಐದು ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷ, ಒಂದು ಗಂಟೆಯಿಂದ ಬರುತ್ತಿದ್ದರೆ ಹೊರಡಿ ಅನ್ನುವ ಲೆಕ್ಕ ಆಸ್ಪತ್ರೆಯ ಹತ್ತಿರ ಇರುವವರಿಗೆ. ನಮ್ಮಂಥವರು ಇನ್ನೂ ಬೇಗ ಹೊರಡಬೇಕು, ಎರಡನೇ ಹೆರಿಗೆಯಾದರಂತೂ ಕಾಯಲೇಬಾರದು. ನೀರು ಹೋದರೆ, ರಕ್ತ ಕಂಡರೆ, ಮಗುವಿನ ಅಲುಗಾಟ ಕಮ್ಮಿಯಾದರೆ, ಕಣ್ಣು ಮಂಜಾಗಿ ತಲೆ ಸಿಡಿದರೆ ನೋವಿಗಾಗಿ ಕಾಯದೆ ಆ ಕ್ಷಣವೇ ಹೊರಡಬೇಕು. ಬ್ಯಾಗು 36 ವಾರಕ್ಕೆ ತಯಾರಿರಲಿ. ಅವಳಿಯೋ ಬಿಪಿಯೋ ಇದ್ದರೆ ಅದಕ್ಕೂ ಮೊದಲೇ.

ಗಡಿಯ ಈ ಕಡೆ, ಕೇರಳದ ಒಂದು ಆಸ್ಪತ್ರೆಯಲ್ಲೂ ಹೆಸರು ಬರೆಸಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೊರೋನಾ ಬಂದ 2020ರ ಮಾರ್ಚ್ ನೆನಪಿದೆಯಲ್ಲ? ತಲಪಾಡಿ ಬಂದ್, ಒಳದಾರಿಗಳಿಗೆಲ್ಲ ಲಾರಿಗಟ್ಟಲೆ ಮಣ್ಣು. ಮಂಗಳೂರಿಗೆ ಹೋಗಲಾಗದೆ ರೋಗಿಗಳು ತೀರಿಕೊಂಡ ಸುದ್ದಿ ದಿನಾ ಓದುತ್ತಿದ್ದೆವು. ರಸ್ತೆ ತೆರೆಸಿ ಅಂತ ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಹೇಳಬೇಕಾಯಿತು. ಮಂಗಳೂರನ್ನೇ ನಂಬಿ ದಿನ ಎಣಿಸುತ್ತಿದ್ದ ಬಸುರಿಯರ ಮನೆಯಲ್ಲಿ ಆ ವಾರ ಹೇಗಿತ್ತು ಅಂತ ನಮಗೇ ಗೊತ್ತು. ಸರ್ಕಾರಿ ಆಸ್ಪತ್ರೆ ಅಂದರೆ ಮೂಗು ಮುರಿಯುವವರಿಗೆ ಇನ್ನೊಂದು ಮಾತು. 2011ರ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್ ಸಮೇತ, ಉಚಿತ. ಔಷಧ, ರಕ್ತ, ಊಟ ಕೂಡ. ಎರಡು ರಾಜ್ಯದಲ್ಲೂ.

ಬ್ಯಾಗನ್ನು ಕಟ್ಟುವುದು ಯಾರು? ನನ್ನ ಪ್ರಕಾರ ಗಂಡ. ಲಿಸ್ಟ್ ಅವಳು ಹೇಳಲಿ, ಅವನು ಮಡಚಿ ಇಡಲಿ. ಆಗ ರಾತ್ರಿ ಎರಡು ಗಂಟೆಗೆ "ಪ್ಯಾಡ್ ಎಲ್ಲುಂಟು?" ಅಂತ ನೋವು ತಿನ್ನುವವಳನ್ನು ಕೇಳುವುದು ತಪ್ಪುತ್ತದೆ. ಅವನ ಸಾಮಾನಿಗೆ ಬೇರೆ ಸಣ್ಣ ಚೀಲ ಸಾಕು: ಒಂದು ಜೊತೆ ಬಟ್ಟೆ, ಚಾಪೆ, ಹೊದಿಕೆ, ಸ್ವಲ್ಪ ಚಿಲ್ಲರೆ ನಗದು. ಕೆಲವು ಆಸ್ಪತ್ರೆಯ ನೆಲಮಾಳಿಗೆಯ ಮೆಡಿಕಲ್ಲಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಗೂಗಲ್ ಪೇ ಸುತ್ತುತ್ತಲೇ ಇರುತ್ತದೆ.

ಹೊರಡುವ ದಿನ ಬ್ಯಾಗು ವಾಪಸ್ ತುಂಬುವಾಗ ಡಿಸ್ಚಾರ್ಜ್ ಸಮ್ಮರಿ ಮತ್ತು ಮಗುವಿನ ಲಸಿಕೆ ಕಾರ್ಡ್ ಕೈಗೆ ಸಿಕ್ಕಿತಾ ಅಂತ ನೋಡಿಕೊಳ್ಳಿ. ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ ಮೂರೂ ಬರೆದಿರಬೇಕು. ಬರೆದಿಲ್ಲದಿದ್ದರೆ ಬರೆಸಿಕೊಂಡೇ ಹೊರಡಿ. ಆರು ವಾರಕ್ಕೆ ಮುಂದಿನ ಇಂಜೆಕ್ಷನ್. ಅದಕ್ಕೆ ಮಂಗಳೂರಿಗೆ ಹೋಗಬೇಕಾಗಿಲ್ಲ, ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲೇ ಹಾಕುತ್ತಾರೆ, ಆ ಕಾರ್ಡ್ ತೋರಿಸಿದರೆ ಆಯಿತು.